ದೊಡ್ಡಿಗೆ ಬಾರದ ಹಂದಿಗಳು

ಜುಲೈ 29, ಮಂಗಳವಾರ, ಬೆಳಿಗ್ಗೆ

ಚಹಾಕ್ಕಿಂತ ಮೊದಲು ಕ್ಯಾಮೆರಾ. ಫೋನಿನಲ್ಲಿ ನಮ್ಮ ಕಾಡುಜಮೀನಿನ ಅದೇ ಕಬ್ಬಿಣದ ದೊಡ್ಡಿ, ಅದೇ ಮೆಕ್ಕೆಜೋಳದ ರಾಶಿ. ಐದು ಕಾಡುಹಂದಿ ಒಳಗೆ, ನಾಲ್ಕು ಬಾಗಿಲ ಹೊರಗೆ ಮೂಸುತ್ತಿವೆ. ಇನ್ನು ಕೆಲವೇ ದಿನ, ಒಂಬತ್ತೂ ಒಳಗೆ ಬರುತ್ತವೆ ಎಂದಿದ್ದಾಳೆ ವನ್ಯಜೀವಿ ಇಲಾಖೆಯ ಕ್ಲೇರ್. ಆಗ ಅವಳು ತನ್ನ ಆಫೀಸಿನಿಂದ ಬಟನ್ ಒತ್ತಿದರೆ ಅಲ್ಲಿ ಬಾಗಿಲು ಬೀಳುತ್ತದೆ. ಒಂದು ಹೊರಗುಳಿದರೂ ಅದು ಮತ್ತೆಂದೂ ದೊಡ್ಡಿಯ ಹತ್ತಿರ ಸುಳಿಯುವುದಿಲ್ಲವಂತೆ. ಗುಂಡು ಹೊಡೆಯುವ ಹಾಗೂ ಇಲ್ಲ. ಹೊಡೆದರೆ ಚದುರಿ, ಹೋದಲ್ಲೆಲ್ಲ ಮರಿ ಹಾಕುತ್ತವೆ.

ಎರಡು ಗಬ್ಬದ ಹೆಣ್ಣಿವೆ. ಅವು ಈಯುವುದರೊಳಗೆ ಹಿಡಿಯದಿದ್ದರೆ ಅಕ್ಸ್‌ಬ್ರಿಡ್ಜ್ ಸುತ್ತಿನ ಹೊಲಗಳೆಲ್ಲ ಹಾಳು. ಕೆಟ್ಟ ಹೆಸರು ನಮ್ಮ ಜಮೀನಿಗೆ — ನನಗೆ ಮತ್ತು ಗೆಳೆಯ ತಿಪ್ಪಣ್ಣನಿಗೆ. ಇಬ್ಬರೂ ಸೇರಿ ಕೊಂಡದ್ದು. ಅವನಿಗೆ ಜಿಂಕೆ ಬೇಟೆ, ನನಗೆ ಶನಿವಾರದ ನಿದ್ದೆ.

ಮನೆಯಲ್ಲಿ ರಾಜೇಶ್ವರಿ ಇನ್ನೂ ಮುಖ ಊದಿಸಿಕೊಂಡಿದ್ದಾಳೆ. ನಿನ್ನೆ ಶ್ರಾವಣದ ಮೊದಲ ಸೋಮವಾರ. ಪೂಜೆಯ ಹೂವು-ಹಣ್ಣು ಗ್ರೀನ್ ಬಿನ್ನಿಗೆ ಹಾಕು ಎಂದೆ, ಅಷ್ಟೇ.

"ದೇವರಿಗೆ ಏರ್ಸಿದ್ದನ್ನ ಕಸದಾಗ ಹಾಕ್ತಾರೇನ್ರೀ? ಯಾರೂ ತುಳೀಲಾರದ ಜಾಗಾದಾಗ ಇಡಬೇಕು."

"ಈ ಪರದೇಶದ ಮಿಸ್ಸಿಸಾಗಾದಾಗ ಅಂಥಾ ಜಾಗಾ ನೀನ ಹುಡುಕು" ಎಂದೆ. ಆಫೀಸಿಗೆ ಹೊತ್ತಾಯಿತು.

ಜುಲೈ 31, ಗುರುವಾರ

ಎರಡು ದಿನದಿಂದ ಒಂದೂ ಬಂದಿಲ್ಲ. ಜೋಳ ಇಟ್ಟದ್ದು ಇಟ್ಟ ಹಾಗೇ. ಒಂದು ರಕೂನು ಬಂದು ಆರಾಮಾಗಿ ತಿಂದು ಹೋಯಿತು. ಕ್ಲೇರ್ ಕೇಳಿದಳು — ಅಲ್ಲಿ ಬೇರೆ ಯಾರಾದರೂ ಆಹಾರ ಹಾಕುತ್ತಿದ್ದಾರೆಯೇ? ಹಂದಿಗೆ ಬೇರೆ ಕಡೆ ರುಚಿ ಸಿಕ್ಕರೆ ಜೋಳ ಮುಟ್ಟುವುದಿಲ್ಲವಂತೆ.

ಯಾರು ಹಾಕುತ್ತಾರೆ? ಗೇಟಿನ ಬೀಗದ ಕೈ ಇರುವುದು ನನ್ನ ಹತ್ತಿರ, ಕ್ಲೇರ್ ಹತ್ತಿರ... ತಿಪ್ಪಣ್ಣನ ಹತ್ತಿರ.

ಆಗಸ್ಟ್ 3, ಭಾನುವಾರ

ಮರಳಿ ಬಂದವು! ಏಳು ಒಳಗೆ. ತಿಪ್ಪಣ್ಣನಿಗೆ ಫೋಟೋ ಕಳಿಸಿದೆ. ಫೋನ್ ಮಾಡಿ ನಕ್ಕ. "ಏನ್ ಮೈ ತುಂಬ್ಯಾವ್ರೀ ಸಾಹೇಬ್ರ! ಹಿಂಗ ಕೊಟ್ಟಬಿಡಬೇಕೇನು ಗೌರ್ಮೆಂಟಿಗೆ? ಒಂದರೆ ನಮಗ ಬಿಡಾಕ ಹೇಳ್ರಿ ಆ ಹುಡುಗಿಗೆ."

ಚೇಷ್ಟೆ ಇರಬಹುದು. ನಾನು ನಗಲಿಲ್ಲ.

ಆಗಸ್ಟ್ 7, ಗುರುವಾರ

ಮತ್ತೆ ಮಾಯ. ಮಂಗಳವಾರ ಬೆಳಿಗ್ಗೆ ಎಂಟು ಒಳಗಿದ್ದವು, ಬುಧವಾರದಿಂದ ಸೊನ್ನೆ. ಹೋದ ವಾರವೂ ಹೀಗೇ.

ಮಂಗಳವಾರ ಏನಾಗುತ್ತದೆ? ನಾನು ಕ್ವಾಲಿಟಿ ವಿಭಾಗದವನು. ತಪ್ಪು ಹುಡುಕಿ ಹುಡುಕಿಯೇ ಹೊಟ್ಟೆ ಹೊರೆದವನು. ಮಂಗಳವಾರ ತಿಪ್ಪಣ್ಣ ಮೆಡೋವೇಲ್ ಗೋದಾಮಿನಲ್ಲಿ ಲೋಡು ತುಂಬಿಸಿಕೊಂಡು ಉತ್ತರಕ್ಕೆ ಟ್ರಕ್ ಹೊಡೆಯುತ್ತಾನೆ. ದಾರಿಯಲ್ಲೇ ನಮ್ಮ ಜಮೀನು.

ಮನಸ್ಸಿಗೆ ಬಂದದ್ದನ್ನು ಇಲ್ಲಾದರೂ ಬರೆಯುತ್ತೇನೆ. ಅವನು ಹಂದಿಗಳನ್ನು ಬೇರೆ ಕಡೆ ಪಳಗಿಸುತ್ತಿದ್ದಾನೆ. ಇಲಾಖೆಯವರು ಬೇಸತ್ತು ದೊಡ್ಡಿ ಕಿತ್ತುಕೊಂಡು ಹೋದ ಮೇಲೆ ಆರಾಮಾಗಿ ಬೇಟೆ.

ಛೇ, ತಿಪ್ಪಣ್ಣ ಅಂಥವನಲ್ಲ. ನಾನು ಈ ದೇಶಕ್ಕೆ ಬಂದ ಮೊದಲ ಚಳಿಗಾಲ, ಸ್ಕಾರ್‌ಬರೋದ ಬೇಸ್‌ಮೆಂಟಿನಲ್ಲಿ ಹೀಟರ್ ಕೆಟ್ಟಾಗ ತನ್ನ ಕಂಬಳಿ ಕೊಟ್ಟು ಟ್ರಕ್ಕಿನಲ್ಲಿ ಮಲಗಿದವನು.

ಆದರೂ ಮಂಗಳವಾರ.

ಆಗಸ್ಟ್ 9, ಶನಿವಾರ

ರಾಜೇಶ್ವರಿ ಅಡುಗೆಮನೆಯಲ್ಲಿ ಪಿಸುಪಿಸು. "ಹೂಂ... ಹಂಗಾರ ಮಂಗಳವಾರ... ಇವ್ರಿಗೇನೂ ಹೇಳಬ್ಯಾಡಪಾ ಮತ್ತ." ನನ್ನನ್ನು ಕಂಡಿದ್ದೇ ಫೋನ್ ಇಟ್ಟಳು.

"ಯಾರು?"

"ತಿಪ್ಪಣ್ಣ. ಹಬ್ಬದ ಕಡುಬಿನ ಮಾತು."

ಗಣೇಶ ಚೌತಿಗೆ ಇನ್ನೂ ಎಷ್ಟೋ ದಿನವಿದೆ. ಇಬ್ಬರೂ ಸೇರಿ ನನ್ನಿಂದ ಏನು ಮುಚ್ಚಿಡುತ್ತಿದ್ದಾರೆ? ಹಂದಿ ಮಾಂಸ ಮಾರುವ ಏರ್ಪಾಟೇ? ಬೆಳ್ಳುಳ್ಳಿಗೇ ಮೂಗು ಮುರಿಯುವ ಹೆಂಗಸು! ತಲೆ ಕೆಟ್ಟಿದೆ ನನಗೆ. ಆದರೆ ಪಿಸುಪಿಸು ಸುಳ್ಳಲ್ಲವಲ್ಲ.

ಆಗಸ್ಟ್ 10, ಭಾನುವಾರ

ಜಮೀನಿಗೆ ಹೋಗಿ ಬಂದೆ. ಗೇಟಿನಿಂದ ಗುಡ್ಡದ ಕಡೆ ಹೋಗುವ ಕಾಲುದಾರಿಯಲ್ಲಿ, ಸೀಡರ್ ಮರಕ್ಕೆ ಇನ್ನೊಂದು ಕ್ಯಾಮೆರಾ ಕಟ್ಟಿದೆ. ತಿಪ್ಪಣ್ಣನಿಗೆ ಹೇಳಲಿಲ್ಲ. ಅವನದೇ ಜಮೀನಿನಲ್ಲಿ ಅವನ ಮೇಲೆ ಕ್ಯಾಮೆರಾ. ಕಟ್ಟುವಾಗ ಎರಡು ಸಲ ಹಿಂದೆ ತಿರುಗಿ ನೋಡಿದೆ. ಸೊಳ್ಳೆ ಕಾಟವೂ ಇತ್ತು.

ಆಗಸ್ಟ್ 12, ಮಂಗಳವಾರ

ಸಿಕ್ಕ.

ಲಂಚ್ ಸಮಯಕ್ಕೆ ಫೋಟೋ ಬಂತು. ಸ್ಪಷ್ಟವಾಗಿದೆ. ತಿಪ್ಪಣ್ಣ, ತಲೆಗೆ ಟವೆಲ್ ಸುತ್ತಿಕೊಂಡಿದ್ದಾನೆ. ಎರಡೂ ಕೈಯಲ್ಲಿ ತಬ್ಬಿಕೊಂಡ ದೊಡ್ಡ ಕೆಂಪು ಬಟ್ಟೆಯ ಚೀಲ. ತುಂಬಿ ಉಬ್ಬಿದೆ. ಮುಂದಿನ ಫೋಟೋದಲ್ಲಿ ಬರಿಗೈ, ಖಾಲಿ ಚೀಲ ಹೆಗಲ ಮೇಲೆ.

ಸಂಜೆ ಫೋನ್ ಮಾಡಿದೆ.

"ಗುಡ್ಡದಾಗ ಏನ್ ಇಟ್ಟ ಬಂದಿ ತಿಪ್ಪಣ್ಣ?"

"ನಿಮಗ ಯಾರ್ ಹೇಳಿದ್ರು?"

"ಅದು ಬ್ಯಾರೆ ಮಾತು. ಹಂದಿಗೆ ಹಾಕಿದ್ಯೋ ಇಲ್ಲೋ?"

"ಹಂದಿಗೆ ಹಾಕಿಲ್ಲರಿ. ಆಣಿ ಮಾಡಿ ಹೇಳ್ತೀನಿ."

"ಮತ್ತ ಯಾರಿಗೆ ಹಾಕಿದಿ?"

"ಅದನ್ನ ಹೇಳಾಕ ಬರಂಗಿಲ್ರಿ. ಮಾತು ಕೊಟ್ಟೀನಿ." ಆಮೇಲೆ ತಾನೇ ಕೇಳಿದ, "ನನ್ನ ಮ್ಯಾಲ ಕ್ಯಾಮೆರಾ ಇಟ್ರೇನ್ ಸಾಹೇಬ್ರ?"

ಫೋನ್ ಇಟ್ಟುಬಿಟ್ಟೆ. ಮಾತು ಕೊಟ್ಟಿದ್ದಾನಂತೆ. ಯಾರಿಗೆ, ಹಂದಿಗಳಿಗೆ?

ಆಗಸ್ಟ್ 14, ಗುರುವಾರ

ಹಂದಿ ಇಲ್ಲ. ಕ್ಲೇರ್‌ಗೆ ಫೋಟೋ ಕಳಿಸಿದೆ, ಹೆಸರು ಸಮೇತ.

ಬೀಗದ ಕೈ ಅವನಿಂದ ವಾಪಸು ಪಡೆಯಿರಿ ಎಂದಳು. ಅಧಿಕಾರಿಯೊಬ್ಬರು ಹೋಗಿ ವಿಚಾರಿಸುತ್ತಾರಂತೆ. ಹಂದಿ ಹಿಡಿಯುವುದಕ್ಕೆ ಅಡ್ಡಿ ಮಾಡಿದ್ದಕ್ಕೆ ಕೇಸಾದರೆ ಅವನ ಬೇಟೆಯ ಲೈಸೆನ್ಸಿಗೆ ಕುತ್ತು. ವರ್ಷವಿಡೀ ಸ್ಟೀರಿಂಗ್ ಹಿಡಿಯುವವನಿಗೆ ಅಕ್ಟೋಬರದ ಆ ಕಾಡು ಬಿಟ್ಟರೆ ಬೇರೆ ಖುಷಿ ಇಲ್ಲ. ಗೊತ್ತಿದ್ದೇ ಕಳಿಸಿದೆ. ಸರಿಯಾದ್ದನ್ನೇ ಮಾಡಿದೆ.

ಸರಿಯಾದ್ದನ್ನೇ ಮಾಡಿದ್ದರೆ ಊಟ ಯಾಕೆ ಸೇರುತ್ತಿಲ್ಲ?

ಆಗಸ್ಟ್ 16, ಶನಿವಾರ

ಮನೆಯ ಬಾಗಿಲಿಗೂ ಒಂದು ಕ್ಯಾಮೆರಾ ಹಾಕಿಸಿದೆ. ಕಾಲಿಂಗ್ ಬೆಲ್ಲಿನಲ್ಲೇ ಇರುತ್ತದೆ, ಮಾತೂ ಕೇಳುತ್ತದೆ. ಕಳ್ಳರ ಭಯ ಎಂದೆ.

ರಾಜೇಶ್ವರಿ ಅದನ್ನೂ ನನ್ನನ್ನೂ ನೋಡಿದಳು. "ಒಲಿ ಮುಂದನೂ ಒಂದು ಹಾಕ್ಸ್ರಿ. ನಾ ಏನ್ ಕದೀತೀನಿ ನೋಡೀರಂತ."

ತಿಪ್ಪಣ್ಣನ ವಿಷಯ ಅವಳಿಗೆ ಹೇಳಿಲ್ಲ. ಅವನೂ ಹೇಳಿದಂತಿಲ್ಲ. ಬೀಗದ ಕೈಯನ್ನು ಮಾತಿಲ್ಲದೆ ಕವರಿನಲ್ಲಿ ಹಾಕಿ ಆಫೀಸಿನ ರಿಸೆಪ್ಷನ್ನಿನಲ್ಲಿ ಬಿಟ್ಟು ಹೋಗಿದ್ದ.

ಆಗಸ್ಟ್ 22, ಶುಕ್ರವಾರ

ಒಂಬತ್ತೂ! ಬೆಳಿಗ್ಗೆ ಆರಕ್ಕೆ ಬಾಗಿಲು ಬಿತ್ತು. ಈ ಮಂಗಳವಾರ ಯಾರೂ ಗುಡ್ಡ ಹತ್ತಲಿಲ್ಲ, ಹಂದಿ ಜೋಳ ಬಿಟ್ಟು ಹೋಗಲಿಲ್ಲ. ನನ್ನ ಲೆಕ್ಕ ಸರಿ! ಕ್ಲೇರ್ ಫೋನಿನಲ್ಲೇ ಕೂಗಿದಳು. ನಾನೂ ಕೂಗಿದೆ. ಮೊದಲು ಹೇಳಬೇಕೆನಿಸಿದ್ದು ತಿಪ್ಪಣ್ಣನಿಗೆ. ಕೈ ಅವನ ನಂಬರಿನವರೆಗೆ ಹೋಗಿ ನಿಂತಿತು.

ರಾಜೇಶ್ವರಿಗೆ ಫೋನ್ ಕೊಟ್ಟು ತೋರಿಸಿದೆ. ನೋಡುತ್ತ ನೋಡುತ್ತ ಹಿಂದಿನ ಫೋಟೋಗಳಿಗೆ ಹೋದಳು. ಒಂದರ ಮೇಲೆ ಬೆರಳು ನಿಂತಿತು.

"ಈ ಚೀಲ ನಂದ ರೀ. ಹುಬ್ಬಳ್ಳಿ ಸೀರಿ ಅಂಗಡೀದು."

ಉಳಿದದ್ದನ್ನು ಅವಳೇ ಹೇಳಿದಳು. ಗ್ರೀನ್ ಬಿನ್ನಿನ ಜಗಳದ ಮರುದಿನವೇ ತಿಪ್ಪಣ್ಣನನ್ನು ಕೇಳಿಕೊಂಡಳಂತೆ — ನಿರ್ಮಾಲ್ಯ ಒಯ್ದು ನಮ್ಮ ಕಾಡಿನಲ್ಲಿ, ಯಾರೂ ತುಳಿಯದ ಕಡೆ ಇಡು ಅಂತ. ಸುದ್ದಿ ತಿಳಿದು ಹತ್ತಾರು ಕನ್ನಡದ ಮನೆಯವರು ತಮ್ಮದನ್ನೂ ತಂದುಕೊಟ್ಟರು. ಶ್ರಾವಣ ಸೋಮವಾರದ ಹೂವು, ಪತ್ರಿ, ಬಾಳೆಹಣ್ಣು, ಒಡೆದ ಕಾಯಿ, ಹೋಳಿಗೆ. ನಾನು ಆಫೀಸಿಗೆ ಹೋದ ಮೇಲೆ, ಮಂಗಳವಾರ ಅವನು ಬಂದು ಒಯ್ಯುತ್ತಿದ್ದ. ಈ ವಾರ ಯಾಕೋ ಬರಲಿಲ್ಲ; ಚೀಲ ಟ್ರಕ್ಕಿನಲ್ಲೇ ಉಳಿದಿದೆ, ಫೋನೂ ಎತ್ತುತ್ತಿಲ್ಲ ಎಂದಳು.

"ಚಪ್ಪಲಿ ಬಿಚ್ಚಿ ಇಟ್ಟ ಬರತಿದ್ದ. ಹಂದಿ ತಿಂತಾವಂತ ನನಗೂ ಹೊಳೀಲಿಲ್ಲ, ಅವಗೂ ಹೊಳೀಲಿಲ್ಲ. ನಿಮಗ ಹೇಳಿದ್ರ ನಗತೀರಂತ ಹೇಳಬ್ಯಾಡ ಅಂದಿದ್ನಿ... ಯಾಕ್ರೀ? ಏನ್ ಮಾಡೀರಿ?"

ಫೋಟೋ ಮತ್ತೆ ನೋಡಿದೆ. ಬರಿಗಾಲು. ಅಷ್ಟು ಸಲ ನೋಡಿದ್ದೆ, ಕಾಲು ನೋಡಿರಲಿಲ್ಲ.

ಜಾಗಕ್ಕೆ ಹೋಗಿ ನೋಡದೆ ರಿಪೋರ್ಟ್ ಬರೆಯಬೇಡಿ ಎಂದು ಆಫೀಸಿನ ಹೊಸಬರಿಗೆ ಹೇಳುವವನು ನಾನೇ. ಗುಡ್ಡ ಹತ್ತಿ ಒಮ್ಮೆ ನೋಡಿದ್ದರೆ ತೆಂಗಿನ ಚಿಪ್ಪು ಕಾಣುತ್ತಿತ್ತು.

ಆಗಸ್ಟ್ 25, ಸೋಮವಾರ

ಫೋನ್ ಎತ್ತುತ್ತಿಲ್ಲ. ಮೆಸೇಜ್ ನೋಡಿದ್ದಾನೆ, ಉತ್ತರವಿಲ್ಲ.

ಕ್ಲೇರ್ ಹೇಳಿದಳು — ಅಧಿಕಾರಿಯ ಮುಂದೆ ಎಲ್ಲ ಒಪ್ಪಿಕೊಂಡಿದ್ದಾನೆ. ಇಟ್ಟವನು ನಾನೇ, ಬೇರೆ ಯಾರೂ ಇಲ್ಲ ಎಂದನಂತೆ. ಎಷ್ಟು ಕೇಳಿದರೂ ಬೇರೆ ಹೆಸರು ಹೇಳಲಿಲ್ಲವಂತೆ.

ಎಲ್ಲವನ್ನೂ ಬರೆದು ಅವಳಿಗೆ ಕಳಿಸಿದೆ. ಚೀಲ ನಮ್ಮ ಮನೆಯದು, ಕೇಸು ಹಾಕುವುದಾದರೆ ಮೊದಲು ನನ್ನ ಮೇಲೆ ಹಾಕಿ. ಅಧಿಕಾರಿಗೆ ಮುಟ್ಟಿಸುತ್ತೇನೆ, ಭರವಸೆ ಕೊಡಲಾರೆ ಎಂದಳು.

ರಾಜೇಶ್ವರಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ತಟ್ಟೆ ಇಡುತ್ತಾಳೆ, ಹೋಗುತ್ತಾಳೆ.

ಆಗಸ್ಟ್ 27, ಬುಧವಾರ, ಗಣೇಶ ಚೌತಿ

ಮಧ್ಯಾಹ್ನ. ರಜೆ ಹಾಕಿದ್ದೇನೆ. ಪೂಜೆ ಮುಗಿಯಿತು. ಕಡುಬು ಆರುತ್ತಿವೆ. ಪ್ರತಿ ವರ್ಷ ಮೊದಲ ಪಂಕ್ತಿಯಲ್ಲಿ ಅವನೇ.

ಟ್ರಕ್ಕಿನ ಸದ್ದು. ಅವನದೇ. ಮಹಡಿಯಲ್ಲಿ ಕೂತು ಫೋನಿನಲ್ಲಿ ನೋಡುತ್ತಿದ್ದೇನೆ. ಕೆಳಗಿಳಿಯಲು ಧೈರ್ಯವಿಲ್ಲ.

ರಾಜೇಶ್ವರಿ ಬಾಗಿಲು ತೆರೆದಳು. ಅವನ ಕೈಯಲ್ಲಿ ಕೆಂಪು ಚೀಲ, ಒಗೆದು ಮಡಚಿದ್ದು.

"ನಿಮ್ಮ ಚೀಲ ನನ್ನ ಕಡೇನ ಉಳದಿತ್ರಿ ಅಕ್ಕಾರ. ಕೊಟ್ಟ ಹೋಗೂಣಂತ ಬಂದ್ನಿ."

"ಒಳಗ ಬಾರೋ ತಮ್ಮಾ. ಉಂಡ ಹೋಗು."

"ಒಲ್ರಿ. ಲೋಡ್ ಐತಿ." ತಲೆ ಎತ್ತಿದ. ಬೆಲ್ಲಿನ ಕ್ಯಾಮೆರಾ ಕಂಡಿರಬೇಕು. ಹೆಜ್ಜೆ ಮುಂದಿಟ್ಟ. ಚೀಲ ಬಿಚ್ಚಿದ, ಬಾಯಿ ಅಗಲಿಸಿ ಕ್ಯಾಮೆರಾಕ್ಕೆ ಹಿಡಿದ. ಒಳಗಿನ ಹೊಲಿಗೆಯವರೆಗೂ ಕಾಣಿಸುತ್ತಿದೆ. ಆಮೇಲೆ ಒಳಹೊರಗು ಮಾಡಿ ಕೊಡವಿದ.

"ಏನಿಲ್ರಿ ಸಾಹೇಬ್ರ. ಖಾಲಿ ಐತಿ."

ವ್ಯಂಗ್ಯವಿಲ್ಲ ಆ ದನಿಯಲ್ಲಿ. ಚೆಕ್‌ಪೋಸ್ಟಿನಲ್ಲಿ ಟ್ರಕ್ಕಿನ ಬಾಗಿಲು ತೆಗೆದು ತೋರಿಸುವವನ ದನಿ.

ರಾಜೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ. ಅವನು ಇನ್ನೂ ಮೆಟ್ಟಿಲ ಮೇಲೆ ನಿಂತಿದ್ದಾನೆ. ಟ್ರಕ್ಕಿನ ಇಂಜಿನ್ ಆರಿಸಿಲ್ಲ. ಇಳಿಯಬೇಕು, ಈಗಲೇ. ಮೊದಲು ಏನೆನ್ನಲಿ — ತಿಪ್ಪಣ್ಣ, ನಾನು...