ಬೋಲ್ಟಿಗೆ ಎಳೆದ ಹಳದಿ ಗೆರೆ

೨೬ ಸೆಪ್ಟೆಂಬರ್ ೨೦೦೯, ಶನಿವಾರ

ಬೆಳಗ್ಗೆ ಮತ್ತೆ ಡಾಕ್ಟರ್ ಗದಿಗೆಪ್ಪನವರ ಗರಾಜು. ಪಕ್ಕದ ಮನೆ, ಚಪ್ಪಲಿಯಲ್ಲೇ ಹೋಗಬಹುದು. ಹೆಂಡತಿ ವತ್ಸಲಾ ಪಕ್ಕದ ಊರು ಶಾಮ್‌ಬರ್ಗ್‌ಗೆ ಹೊರಟಳು. ಶನಿವಾರವೂ ಆಫೀಸಂತೆ... ಈ ಆರ್ಥಿಕ ಕುಸಿತದಲ್ಲಿ ಕೆಲಸ ಉಳಿದವರಿಗೆ ಇಬ್ಬರ ಕೆಲಸ. ಡೆಟ್ರಾಯಿಟ್ ಕಂಪನಿ ನನ್ನನ್ನು ಮನೆಗೆ ಕಳಿಸಿದ ಮೇಲೆ ಕೈ ಸುಮ್ಮನಿರುವುದಿಲ್ಲ. ಕಾರುಗಳ ಕುಲುಕಾಟ ತಡೆಯುವ ಸಸ್ಪೆನ್ಷನ್ ಮಾಡಿ ಪಳಗಿದ ಕೈ. ಈಗ ಸಿಕ್ಕಿರುವುದು ಡಾಕ್ಟರ ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲು, ಬೆಟ್ಟದ ಹಿಮದಲ್ಲಿ ಓಡಿಸುವ ಗಾಡಿ. ಹಿಂದಿನ ಮಾಲೀಕ ಓಡಿಸುವಾಗ ಸಸ್ಪೆನ್ಷನ್ ಬೋಲ್ಟೊಂದು ಅಲುಗಿ ಅಲುಗಿ ಎಲ್ಲೋ ಬಿದ್ದೇ ಹೋಗಿದೆ. ಇಳಿಜಾರಿನಲ್ಲಿ ಇನ್ನೊಂದು ಬಿದ್ದರೆ ಗಾಡಿಯೂ ಇಲ್ಲ, ಡಾಕ್ಟರೂ ಇಲ್ಲ.

ಬೋಲ್ಟುಗಳನ್ನೆಲ್ಲ ಬಿಚ್ಚಿದೆ. ಜಿಡ್ಡು ತೆಗೆಯುವ ಡಿಗ್ರೀಸರ್‌ನಲ್ಲಿ ತೊಳೆದು, ಸ್ಟೀಲ್ ತಟ್ಟೆಯಲ್ಲಿ ಒಣಗಲು ಇಟ್ಟು ಬಂದೆ. ಬೋಲ್ಟು ತಿರುಗದಂತೆ ಹಿಡಿಯುವ ನೀಲಿ ಅಂಟು ಇದೆಯಲ್ಲ, ಜಿಡ್ಡಿದ್ದರೆ ಅದು ಹಿಡಿಯುವುದಿಲ್ಲ.

೨೮ ಸೆಪ್ಟೆಂಬರ್, ಸೋಮವಾರ

ನಿನ್ನೆ ಆಯುಧಪೂಜೆ. ಡಾಕ್ಟರ ಹೆಂಡತಿ ಶಿವಕ್ಕ ಒಂದನ್ನೂ ಬಿಟ್ಟಿಲ್ಲ — ಕಾರು, ಲಾನ್‌ಮೋವರ್, ಬೋಲ್ಟು ಬಿಗಿಯುವ ನನ್ನ ಟಾರ್ಕ್ ರೆಂಚು, ಬೋಲ್ಟಿನ ತಟ್ಟೆ. ಬೋಲ್ಟುಗಳ ತಲೆಯ ಮೇಲೂ ಕುಂಕುಮದ ಬೊಟ್ಟು, ಮದುವೆಗೆ ಹೊರಟ ಹಾಗೆ ಮಿರಮಿರ. ಖುಷಿಯಾಯಿತು. ಕೆಲಸ ಹೋದ ಮೇಲೆ ನನ್ನ ಟೂಲ್‌ಬಾಕ್ಸಿಗೆ ಯಾರೂ ಕೈ ಮುಗಿದಿರಲಿಲ್ಲ. ಕಣ್ಣಿಗೊತ್ತಿಕೊಂಡು, ಅಂಟು ಹಚ್ಚಿ ಬಿಗಿದೆ. ಆಮೇಲೆ ಹಳದಿ ಪೇಂಟ್ ಪೆನ್ನಿನಲ್ಲಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದೊಂದು ಗೆರೆ. ಬೋಲ್ಟು ಚೂರು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ.

“ಹತ್ತೋಕ್ ಮುಂಚೆ ಒಂದ್ಸಲ, ಇಳಿದ್ಮೇಲೆ ಒಂದ್ಸಲ ಗೆರೆ ನೋಡಿ ಡಾಕ್ಟ್ರೇ. ತುಂಡಾಗಿದ್ರೆ ಮತ್ತೆ ಹತ್ಲೇಬೇಡಿ.”

“ಬೋಲ್ಟಿಗೂ ನಾಮಾ ಹಾಕಿದ್ರಲ್ರೀ! ನಮ್ಮ ಮನ್ಯಾಗ ವಿಭೂತಿ ನಡೀತದ,” ಎಂದು ನಕ್ಕರು. ಹೇಳಿದ್ದು ಕಿವಿಗೆ ಬಿತ್ತೋ ಇಲ್ಲವೋ.

೨ ಡಿಸೆಂಬರ್, ಬುಧವಾರ

ಡಾಕ್ಟರು ಟ್ರೇಲರಿಗೆ ಗಾಡಿ ಏರಿಸಿಕೊಂಡು ಗೆಳೆಯರ ಜೊತೆ ವಯೋಮಿಂಗ್‌ನ ಹಿಮದ ಬೆಟ್ಟಗಳಿಗೆ ಹೊರಟರು. ನಾಡಿದ್ದು ನನಗೆ ಡೆಟ್ರಾಯಿಟ್ ಪಕ್ಕ ಆಬರ್ನ್ ಹಿಲ್ಸ್‌ನಲ್ಲಿ ಇಂಟರ್‌ವ್ಯೂ. ಇದೂ ಸಿಗದಿದ್ದರೆ... ಬೇಡ, ಬರೆಯುವುದಿಲ್ಲ.

೪ ಡಿಸೆಂಬರ್, ಮಧ್ಯಾಹ್ನ, ಐ-೯೪ ಹೆದ್ದಾರಿ ಪಕ್ಕದ ರೆಸ್ಟ್ ಏರಿಯಾ

ಇಂಟರ್‌ವ್ಯೂನಲ್ಲಿ ಬೋಲ್ಟು ಯಾಕೆ ಸಡಿಲವಾಗುತ್ತದೆ ಎಂದು ಕೇಳಿದರು. ನನ್ನನ್ನೇ ಕೇಳಬೇಕೆ! ಪಟಪಟ ಹೇಳಿದೆ. ಡಾಕ್ಟರ ಗಾಡಿಯ ಕಥೆಯನ್ನೂ ಹೇಳಿದೆ — ತೊಳೆದದ್ದು, ಒಣಗಿಸಿದ್ದು. ಕುಂಕುಮ ಬಿಟ್ಟು. ತಿಳಿಸುತ್ತಾರಂತೆ.

ಹೊರಟ ಮೇಲೂ ಆ ಕುಂಕುಮ ತಲೆ ಬಿಟ್ಟು ಹೋಗಲಿಲ್ಲ. ಒಣ ಬೋಲ್ಟಿಗೆ ಕುಂಕುಮ ಅಷ್ಟು ಚೆನ್ನಾಗಿ ಅಂಟಿದ್ದು ಹೇಗೆ? ಆ ಮಿರಮಿರ ಎಲ್ಲಿಂದ ಬಂತು? ಶಿವಕ್ಕನಿಗೆ ಫೋನ್ ಮಾಡಿದೆ.

“ಕೊಬ್ರಿ ಎಣ್ಣಿ ತೀಡಿದ್ದೆರಿ ಅಣ್ಣಾರ. ಕಬ್ಬಣ ಭಣಭಣ ಅಂತಿತ್ತು, ಪೂಜಿಗೆ ಹಂಗ ಹೆಂಗ ಇಡೂದು? ಯಾಕ್ರೀ?”

ಹೇಳಿದೆ. ಎಣ್ಣೆಯ ಮೇಲೆ ಅಂಟು ಹಿಡಿಯುವುದಿಲ್ಲ, ಬೋಲ್ಟು ಕಳಚಬಹುದು ಎಂದು. “ಅವರಿಗಿ ಏನೂ ಆಗಂಗಿಲ್ಲಲ್ರೀ?”

ಡಾಕ್ಟರ ಫೋನು ಸಿಗುತ್ತಿಲ್ಲ. ಬೆಟ್ಟದಲ್ಲಿ ಸಿಗ್ನಲ್ ಎಲ್ಲಿ. ಗೆರೆ ನೋಡಿ, ಗೆರೆ ನೋಡಿ ಎಂದು ಮೆಸೇಜ್ ಬಿಟ್ಟೆ. ಮತ್ತೆ ಬಿಟ್ಟೆ. ಹೆದರಿಕೆಯಾಗುತ್ತಿದೆ.

೫ ಡಿಸೆಂಬರ್, ಶನಿವಾರ

ಕೂತರೆ ಏಳಬೇಕು, ಎದ್ದರೆ ಕೂರಬೇಕು. ವತ್ಸಲಾ ಶಿವಕ್ಕನನ್ನು ಲೆಮಾಂಟ್ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದಾಳೆ. ನಾನು ಫೋನಿನ ಕಾವಲು.

ಕೊನೆಗೂ ಡಾಕ್ಟರೇ ಮಾಡಿದರು, ಲಾಡ್ಜಿನಿಂದ.

“ನಿಮ್ಮ ನಾಮಾ ಒಡದೈತ್ರೀ ಜಯಸಿಂಹ ಅವರ! ನಿನ್ನಿ ಊಟಕ್ಕ ಇಳದಾಗ ನೋಡಿದೆ. ಗಾಡಿ ಅಲ್ಲೇ ಬಿಟ್ಟು ದೋಸ್ತನ ಹಿಂದ ಕುಂತು ಬಂದೆ.”

ಕಣ್ಣು ಒದ್ದೆಯಾಯಿತು. ನೋಡಿದರಲ್ಲ, ಸಾಕು.

“ಯಾಕ ಸಡ್ಲ ಆತ್ರೀ?”

ಮತ್ತೆ ಅದೇ ಪ್ರಶ್ನೆ. ಶಿವಕ್ಕನ ಹೆಸರು ನಾಲಿಗೆ ತುದಿಗೆ ಬಂದಿತ್ತು. ಆದರೆ ಒರೆಸದೆ ಬಿಗಿದವನು ನಾನೇ ತಾನೆ?

“ಜಿಡ್ಡಿತ್ತು ಡಾಕ್ಟ್ರೇ. ನಾನು ಒರೆಸ್ಲಿಲ್ಲ.”

“ಅದಕ್ಕ ನೋಡ್ರಿ ನಿಮ್ಮನ್ನ ಕಂಪನ್ಯಾವ್ರು ಮನಿಗಿ ಕಳಸಿದ್ದು!” ಹೋ ಎಂದು ನಕ್ಕರು. ತಮಾಷೆಗೇ, ಗೊತ್ತು. ಆದರೂ ಚುರ್ ಅಂದಿತು. ನಾನೂ ನಕ್ಕೆ.

ಅದೇ ಸಂಜೆ

ಶಿವಕ್ಕ ಬಂದರು. ಕೈಯಲ್ಲಿ ತಟ್ಟೆ ತುಂಬ ಹೋಳಿಗೆ, ಕಣ್ಣು ಕೆಂಪು. ಒಳಗೆ ಬರಲಿಲ್ಲ.

“ಎಣ್ಣಿ ಹಚ್ಚಿದಾಕಿ ನಾನ ಅಂತ ಅವರಿಗಿ ಹೇಳಿಬಿಟ್ಟೆರಿ ಅಣ್ಣಾರ. ನಿಮ್ಮ ಮ್ಯಾಲ ಯಾಕ ಬರಬೇಕು? ನಿಮಗ ಫೋನ್ ಮಾಡ್ತಾರಂತ.”

ಹೋದರು. ಹೋಳಿಗೆ ಇನ್ನೂ ಬಿಸಿ ಇದೆ.

ಫೋನು. ಡಾಕ್ಟರೇ. ಶಿವಕ್ಕನಿಗೆ ಏನಾದರೂ ಅಂದರೋ ಏನೋ... ಈ ಸಲ ಅವರು ಬಾಯಿ ತೆರೆಯುವ ಮೊದಲು ನಾನೇ ಹೇಳಬೇಕು, ಒರೆಸದೆ ಬಿಗಿದ ತಪ್ಪು ನನ್ನದೇ, ಶಿವಕ್ಕನನ್ನು ಏನೂ ಅನ್ನಬೇಡಿ—