ಮದುವೆ ಬ್ಯಾಂಡಿಗೆ ಲೈಸನ್ಸು

ಏಪ್ರಿಲ್ 19

ಬೆಳಿಗ್ಗೆ ಡ್ರಮ್ಮಿನ ಹಗ್ಗ ಬಿಗಿದೆ. ಕ್ಲಾರಿನೆಟ್ಟಿಗೆ ಎಣ್ಣೆ. ಸಂಜೆ ನಮ್ಮ ಓಣಿ ಕಮರಿಪೇಟೆಯಲ್ಲೇ ಒಂದು ಮದುವೆ ಮೆರವಣಿಗೆ — ಮುಗಿಸಿ ಬೂಟು ಬಿಚ್ಚುವಷ್ಟರಲ್ಲಿ ಟೈ ಕಟ್ಟಿದವನೊಬ್ಬ ಬಂದ. ಹಾಡುಗಳ ಹಕ್ಕು ಇಟ್ಟುಕೊಂಡ ಯಾವುದೋ ಕಂಪನಿಯ ಏಜೆಂಟನಂತೆ.

"ಸಿನಿಮಾ ಹಾಡ ಬಾರಸ್ತೀರಲ್ಲಾ, ಲೈಸನ್ಸ್ ಐತೇನ್ರಿ ಬ್ಯಾಂಡ್ ಮಾಸ್ತರ? ಇಲ್ಲಂದ್ರ ಕಾಪಿರೈಟ್ ಕೇಸ್ ಆಗತೈತಿ. ವಾದ್ಯಾನೂ ಜಪ್ತಿ."

ವಾದ್ಯ ಜಪ್ತಿ! ಅಪ್ಪ — ನಮ್ಮ ಅಬ್ಬಾ — ಕೊಟ್ಟ ಕ್ಲಾರಿನೆಟ್ಟು! ಮೈ ಉರಿಯಿತು, ಆದರೆ ಅವನಿಗೆ ಕುರ್ಚಿ ಕೊಟ್ಟು ಚಹಾ ತರಿಸಿದೆ. ಹಾಳಾದ್ದು, ನನ್ನ ಸಿಟ್ಟೆಲ್ಲ ಮನೆಯವರ ಮೇಲೆಯೇ.

ಏಪ್ರಿಲ್ 20

ಊಟ ಸೇರಲಿಲ್ಲ. ತಮ್ಮ ಜಾವೀದ — ನಮ್ಮ ಟ್ರಂಪೆಟ್ ಅವನೇ — ಒಂದು ಬೈಕ್ ಶೋರೂಮಿನಲ್ಲಿ ವಾಚ್‌ಮನ್ ಕೆಲಸ ಕೇಳಿಕೊಂಡು ಬಂದಿದ್ದಾನೆ. "ಕೋರ್ಟು ಕಚೇರಿ ನಮಗ ಬ್ಯಾಡ ಅಣ್ಣಾ. ಬ್ಯಾಂಡ್ ಮುಚ್ಚಿಬಿಡೂಣು."

ಅವನು ಹೋದರೆ ಉಳಿದವರೂ ಹೋಗುತ್ತಾರೆ. ಅಬ್ಬಾ ಕಟ್ಟಿದ ಬ್ಯಾಂಡು ನನ್ನ ಕೈಯಲ್ಲಿ ಮುಳುಗುತ್ತದೆ. ಹೆದರಿಕೆಯಾಗಿದೆ, ಖರೇ ಹೇಳಬೇಕೆಂದರೆ.

ಹೆಂಡತಿ ಚಾಂದಬಿ ರೊಟ್ಟಿ ಬಡಿಯುತ್ತಲೇ ಅಂದಳು: "ಯಾರರ ವಕೀಲರನ್ನ ಕೇಳ್ರಿ. ಗುಮ್ಮ ಬಂತಂದ್ರ ಹೊಚಗೊಂಡ ಮಲಗ್ತೀರಿ."

ರೇಗಿದೆ. ಯಾರನ್ನೂ ಕೇಳಲಿಲ್ಲ.

ಏಪ್ರಿಲ್ 23

ಉಪಾಯ ಸಿಕ್ಕಿತು! ಯಾರಿಗೂ ಸೇರದ ಹಾಡು ಬಾರಿಸಿದರೆ ಕೇಸು ಹಾಕುವವರು ಯಾರು? ಅಬ್ಬಾ ಕಲಿಸಿದ ಹಳೇ ಭಜನೆಯ ಧಾಟಿಗಳಿವೆ. ಅವನ್ನು ನಾವು ಹೆಣದ ಮುಂದೆ ಮಾತ್ರ ಬಾರಿಸಿದವರು... ಇರಲಿ. ತಾಳ ಜೋರು ಮಾಡಿ ಝಾಂಜಿನ ಕಂಚಿನ ಸದ್ದು ಸೇರಿಸಿದರೆ ಯಾರಿಗೆ ಗುರುತು ಸಿಗುತ್ತದೆ?

ಜಾವೀದ ತಲೆ ಕೆರೆದುಕೊಂಡ. ಧಾರವಾಡದ ಮಾಳಮಡ್ಡಿಯ ಗಿರಿಯಪ್ಪ ಮಾಸ್ತರರ ಮಗನ ಮದುವೆ ಮೆರವಣಿಗೆ ಮುಗಿಸಿಕೊಟ್ಟು ಶೋರೂಮಿಗೆ ಸೇರುತ್ತಾನಂತೆ.

ಏಪ್ರಿಲ್ 27

ಮಾನ ಹೋಯಿತು. ಮತ್ತೆ ಬಂತು.

ವರ ಪ್ರತಾಪ ಕುದುರೆ ಏರಿದ. ಭಜನೆಯ ಧಾಟಿ ಶುರು ಮಾಡಿದೆವು. ಕುಣಿಯಲು ಬಂದ ಹುಡುಗರು ಕೈ ಮೇಲೆತ್ತಿದವರು ಹಾಗೇ ನಿಂತರು. ವರನ ಅಜ್ಜಿ ಶೇವಂತೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುಬೀದಿಗೇ ಬಂದಳು.

"ಏ ಹಜರತಅಲಿ! ನಮ್ಮ ಮನಿಯವರನ್ನ ಮಸಣಕ್ಕ ಒಯ್ದಾಗ ಇದನ್ನ ಬಾರಿಸಿದ್ದಿ. ಇವತ್ತ ಯಾರನ್ನ ಒಯ್ಯಾಕ ಬಂದಿ? ನಾ ಇನ್ನೂ ಗಟ್ಟಿ ಅದೇನಿ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಿರಿಯಪ್ಪ ಮಾಸ್ತರರ ಮುಖ ಕೆಂಪಾಯಿತು. ತೊದಲುತ್ತ ಏಜೆಂಟನ ಕಥೆ ಹೇಳಿದೆ. ವರನ ಅಕ್ಕ ಸಂಘಮಿತ್ರಾ ಧಾರವಾಡದಲ್ಲೇ ವಕೀಲಿ ಮಾಡುತ್ತಾಳೆ — ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

"ಕಾಕಾ, ಮದವಿ ಮೆರವಣಿಗಿಗೆ ಲೈಸನ್ಸ್ ಬ್ಯಾಡ್ರಿ. ಕಾಪಿರೈಟ್ ಕಾಯ್ದೆದಾಗನ ಮದವಿಗೆ ವಿನಾಯ್ತಿ ಐತಿ. ಟಿಕೀಟ ಹಚ್ಚಿ ಕಾರ್ಯಕ್ರಮ ಮಾಡಿದ್ರ ಆ ಮಾತ ಬ್ಯಾರೆ."

"ಖರೇ ಏನವಾ?"

"ಕೇಸ್ ಬಂದ್ರ ನಾ ನಿಲ್ತೇನಿ. ಈಗ ಛಲೋ ಒಂದ ಹಾಡ ಬಾರಸ್ರಿ. ಇಲ್ಲಂದ್ರ ನಮ್ಮ ಅಜ್ಜೀನ ನಿಮ್ಮ ಮ್ಯಾಲ ಕೇಸ್ ಹಾಕ್ತಾಳ!"

ಎದೆಯ ಮೇಲಿನ ಭಾರ ಇಳಿಯಿತು. ಜಾವೀದ ನನ್ನ ಸನ್ನೆಗೂ ಕಾಯದೆ ಟ್ರಂಪೆಟ್ ಎತ್ತಿದ. ಸಿನಿಮಾ ಹಾಡೇ! ಶೇವಂತೆವ್ವನೂ ಎರಡು ಹೆಜ್ಜೆ ಹಾಕಿದಳು. ಅತ್ತುಬಿಟ್ಟೆ... ಜನ ಬೆವರು ಅಂದುಕೊಂಡಿರಬೇಕು.

ಮೇ 6

ಏಜೆಂಟ್ ಮತ್ತೆ ಬಂದ. ಸಂಘಮಿತ್ರಾ ಹೇಳಿದ್ದನ್ನೇ ಹೇಳಿದೆ, ಈ ಸಲ ಗಟ್ಟಿ ದನಿಯಲ್ಲಿ. "ಅದು ಗೊತ್ತೈತ್ರಿ... ನಾ ಸುಮ್ನ ತಿಳಿಸಾಕ ಬಂದಿದ್ನಿ" ಎಂದು ಚಹಾ ಕುಡಿದು ಎದ್ದ. ಗೊತ್ತಿತ್ತಂತೆ! ಭಲೇ ಕಳ್ಳ. ಚಾಂದಬಿ "ನಾ ಅವತ್ತ ಅಂದಿದ್ದಿಲ್ಲೇನು?" ಎಂದಳು. ರೇಗಲಿಲ್ಲ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಆದರೂ ಒಂದು ಮಾತು. ಹಾಡು ಕಟ್ಟಿದವನಿಗೂ ಹೆಂಡತಿ ಮಕ್ಕಳಿರುತ್ತಾರೆ. ಟಿಕೀಟು ಹಚ್ಚಿ ಗಳಿಸುವವರು ಅವನಿಗೆ ಕೊಡಲಿ, ಕೊಡಲೇಬೇಕು. ಬೀದಿಯ ಮದುವೆ ಬೇರೆ. ಅಲ್ಲಿ ಬಡವನೂ ತನಗೆ ಬೇಕಾದ ಹಾಡಿಗೆ ಕುಣಿಯಬೇಕು.

ಮೇ 10

ಜಾವೀದ ಶೋರೂಮಿಗೆ ಫೋನ್ ಮಾಡಿ ಬರುವುದಿಲ್ಲ ಎಂದ. ಅಬ್ಬಬ್ಬಾ! ನಾಳೆ ಅಮರಗೋಳದಲ್ಲಿ ಮೆರವಣಿಗೆ. ಮೊಬೈಲಿನಲ್ಲಿ ಹೊಸ ಹಾಡು ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದಾನೆ. ಎರಡನೇ ಸಾಲಿನ ತಿರುವು ನನಗೆ ಸಿಗುತ್ತಿಲ್ಲ. ಕಟ್ಟಿದವನು ಯಾವ ಪುಣ್ಯಾತ್ಮನೋ, ಅವನ ಹೊಟ್ಟೆ ತಣ್ಣಗಿರಲಿ.

"ಬರಿಯೂದ ಬಿಡಣ್ಣಾ, ಊದು!"

ತಡೆಯೋ, ಇನ್ನೊಮ್ಮೆ ಹಾಕು... ಹಾಂ, ಸಿಕ್ಕಿತು, ಇಲ್ಲಿ ಕ್ಲಾರಿನೆಟ್ಟು ಮೇಲೆ ಹೋಗಿ—