ಆದೆಮ್ಮನ ಫೋನು ಸುಮ್ಮನಾದದ್ದು

ರಾಯಚೂರು
೯ ಆಗಸ್ಟ್ ೨೦೨೫

ಪ್ರೀತಿಯ ಮಿನಾಜ್,

ನೀನು ಮಾನ್ವಿಗೆ ಹೊರಟುಹೋಗಿ ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಹೆಚ್ಚಿತ್ತು ಎನ್ನಬಹುದು. ನಿಜವೆಂದರೆ ನಿನಗೆ ಬರೆಯಲು ಮುಖವಿರಲಿಲ್ಲ. ಅಮ್ಮಿಯ ಮೊಣಕಾಲು ನೋವು ಹೇಗಿದೆ?

ಕುರಿಗಳಿಗೆ ಸೂಜಿ ಹಾಕಿಸುವ ದಿನ ನೆನಪಿಸುವ ನಮ್ಮ ಆ್ಯಪ್‌ಗೆ ಈಗ ದುಡ್ಡು ಕೊಡುವ ಗಿರಾಕಿಗಳೇ ನಲವತ್ತು ಮಂದಿ. ಕಲ್ಮಲ, ಮಟಮಾರಿ ಕಡೆಯ ದೊಡ್ಡ ಹಿಂಡಿನವರು. ಮೊದಲಾಗಿದ್ದರೆ ಈ ಸುದ್ದಿಗೆ ನೀನು ಕುಣಿದಾಡುತ್ತಿದ್ದೆ.

ಜಾಹೀರಾತಿಗೆ ಫೋಟೊ ಬೇಕೆಂದು ಹೋದ ವಾರ ದೇವದುರ್ಗದ ಆದೆಮ್ಮನ ಹತ್ತಿರ ಹೋಗಿದ್ದೆ. ಬೀಟಾ ಹಂತದಲ್ಲಿ ಪುಕ್ಕಟೆ ಬಳಸಿ ತಪ್ಪು ತೋರಿಸಿಕೊಟ್ಟ ಹನ್ನೆರಡು ಜನರಲ್ಲಿ ಆಕೆಯೇ ಮೊದಲನೆಯವಳು. "ನಮಗ ಅಕ್ಷರ ಬರಂಗಿಲ್ಲ, ಮಾತಾಡಿ ಹೇಳ್ರಿ" ಎಂದವಳೂ ಆಕೆಯೇ. ಆಮೇಲಲ್ಲವೇ ನಾವು ನಿನ್ನ ದನಿ ಸೇರಿಸಿದ್ದು.

ದೊಡ್ಡಿ ಅರ್ಧ ಖಾಲಿಯಿತ್ತು. ಕರುಳುಬೇನೆಗೆ ಹದಿನೇಳು ಕುರಿ ಸತ್ತಿದ್ದವು.

"ಮಳಿಗಾಲಕ್ಕ ಮೊದ್ಲು ಸೂಜಿ ಹಾಕಿಸಲಿಲ್ಲೇನು ಯವ್ವಾ?" ಎಂದೆ.

"ಮಿನಾಜ ಹೇಳ್ತಾಳಂತ ಕಾಯಾಕತ್ತಿದ್ದೆ. ಫೋನು ಸುಮ್ನಿತ್ತು. ಇನ್ನಾ ದಿನ ಬಂದಿಲ್ಲ ಅನ್ಕೊಂಡೆ. ಮೊದ್ಲು ಹುಣ್ಣಿವಿ ಎಣಿಸ್ಕೋತ ನಾನ ನೆಪ್ಪಿಡ್ತಿದ್ದೆ. ನಿಮ್ದು ಬಂದ ಮ್ಯಾಲೆ ಬಿಟ್ಟುಬಿಟ್ಟೆ."

ಮೇ ತಿಂಗಳಲ್ಲಿ ದುಡ್ಡು ಕೊಟ್ಟು ಬಳಸುವ ಯೋಜನೆ ಶುರುವಾಗಿ, ಪುಕ್ಕಟೆ ಬಳಸುತ್ತಿದ್ದ ಹಳಬರ ಖಾತೆ ಮುಚ್ಚುವಾಗ, "ಒಬ್ಬೊಬ್ಬರ ಮನಿಗೂ ಹೋಗಿ ಹೇಳೋಣು, ಈ ಮಳಿಗಾಲ ಒಂದು ದಾಟಲಿ" ಎಂದು ನೀನು ಅಂಗಲಾಚಿದ್ದೆ. ನಾನು ಕೇಳಲಿಲ್ಲ. ಓದಲು ಬಾರದವರಿಗೆ ಮೆಸೇಜ್ ಕಳಿಸಿ ಕೈತೊಳೆದುಕೊಂಡೆ. ನೀನು ಜಗಳವಾಡಲಿಲ್ಲ, ಬ್ಯಾಗು ತುಂಬಿಕೊಂಡು ಮಾನ್ವಿ ಬಸ್ ಹತ್ತಿದೆ.

ಖಾತೆಯನ್ನು ಇವತ್ತೇ ಮತ್ತೆ ತೆರೆಯುತ್ತೇನೆ ಎಂದರೆ ಆದೆಮ್ಮ ಒಪ್ಪಲಿಲ್ಲ. "ಬ್ಯಾಡ ಬಿಡವ್ವ, ಇನ್ನ ನಾನ ನೆಪ್ಪಿಟ್ಕೋತೀನಿ" ಎಂದಳು. ಆದರೂ ಚಹಾ ಕುಡಿಸದೆ ಕಳಿಸಲಿಲ್ಲ. ಫೋಟೊ ಕೇಳಲು ನನಗೆ ಬಾಯಿ ಬರಲಿಲ್ಲ. ಉಳಿದ ಹನ್ನೊಂದು ಜನರ ಮನೆಗೂ ಹೋಗಿ, ಪುಕ್ಕಟೆಯಾಗಿಯೇ ಮತ್ತೆ ಶುರುಮಾಡಿಕೊಟ್ಟು ಬಂದೆ. ತಡವಾಗಿತ್ತು, ಗೊತ್ತು.

ಮರಳಿ ಬಾ ಎಂದು ಕರೆಯುವ ಧೈರ್ಯ ನನಗಿಲ್ಲ. ನೀನು, ಅಮ್ಮಿ ಎಲ್ಲಿದ್ದರೂ ತಣ್ಣಗಿರಿ.

ನಿನ್ನ
ನೇತ್ರಾವತಿ

ಸಹಿ ಮಾಡಿದ ಮೇಲೆ ಬರೆದದ್ದು: ಒಂದು ಮಾತನ್ನು ಮೇಲೆ ಬರೆಯಲಾಗಲಿಲ್ಲ. ಫೋನು ಯಾಕೆ ಸುಮ್ಮನಾಯಿತೆಂದು ಆದೆಮ್ಮ ಕೇಳಿದಾಗ, "ಮಿನಾಜ್ ಬಂದ್ ಮಾಡಿ ಹ್ವಾದ್ಲು" ಎಂದುಬಿಟ್ಟೆ. ಆಕೆ ಚಹಾದ ಲೋಟ ನನ್ನ ಕೈಗಿಡುತ್ತ, "ಆ ಹುಡುಗಿಗೆ ಏನು ತ್ರಾಸಿತ್ತೋ ಏನೋ. ನೀ ಅಕಿಗೆ ಬೈಬ್ಯಾಡ" ಎಂದಳು. ನಾನು ಹೂಂ ಎಂದೆ.